ನಲವತ್ತೇಳನೆಯ ದಂಪತಿ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆ ಕೇಳಿದವರೆಲ್ಲ ದುಗ್ಗಮ್ಮನನ್ನು ನೆನೆದು ನಗುತ್ತಾರೆ. ನಗಬೇಕಾದದ್ದು ನನ್ನನ್ನು ನೋಡಿ. ಸಾಗರದ ಒಂದು ಆರೋಗ್ಯ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಸಿಸ್ಟರ್ ಆಗಿದ್ದವಳು ನಾನು. ನೂರಾರು ಹೆರಿಗೆ ಮಾಡಿಸಿದ ಈ ಕೈಗೆ ಯಾವ ನಾಚಿಕೆಯೂ ಇರಲಿಲ್ಲ. ಬಾಯಿಗೆ ಮಾತ್ರ ಇತ್ತು.

೧೯೮೮ರ ಅಕ್ಟೋಬರಿನಲ್ಲಿ ನಮ್ಮನ್ನೆಲ್ಲ ಶಿವಮೊಗ್ಗಕ್ಕೆ ಒಂದು ದಿನದ ತರಬೇತಿಗೆ ಕರೆಸಿದ್ದರು. ಬೆಂಗಳೂರಿನಿಂದ ಬಂದಿದ್ದ ಡಾಕ್ಟರೊಬ್ಬರು ಏಡ್ಸ್ ಎಂಬ ಹೊಸ ರೋಗದ ಬಗ್ಗೆ ಹೇಳಿದರು. ಆಫ್ರಿಕಾದ ಮಂಗಗಳಿಂದ ಮನುಷ್ಯರಿಗೆ ಬಂದಿರಬಹುದಂತೆ. ರಕ್ತದಲ್ಲಿ ಇರುತ್ತದಂತೆ. ಔಷಧಿ ಇಲ್ಲವಂತೆ. ವರ್ಷಗಟ್ಟಲೆ ಮೈಯೊಳಗೆ ಸುಮ್ಮನೆ ಕೂತಿದ್ದು ಆಮೇಲೆ ಕಾಣಿಸಿಕೊಳ್ಳುತ್ತದಂತೆ. ಬಳಸಿದ ಸೂಜಿಯಿಂದ ಬರುತ್ತದೆ, ನಿರೋಧ್ ಇಲ್ಲದೆ ಕೂಡಿದರೆ ಬರುತ್ತದೆ ಎಂದರು. ಯಾರ ಬಗ್ಗೆ ಹೆಚ್ಚು ಗಮನ ಕೊಡಬೇಕೆಂದು ಹೇಳುತ್ತ "ಹೆಣ್ಣುಡುಗೆಯ ಗಂಡಸರು" ಎಂದಾಗ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ದುಗ್ಗಮ್ಮನ ಮನೆ ಕಣ್ಣೆದುರಿಗೆ ಬಂತು.

ದುಗ್ಗಮ್ಮ ಜೋಗಮ್ಮ. ಹುಟ್ಟಿದ್ದು ಗಂಡಾಗಿ. ಹದಿನೆಂಟಕ್ಕೇ ಚಂದ್ರಗುತ್ತಿಯ ರೇಣುಕಾಂಬೆಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವಳು. ಈಗ ಅರವತ್ತರ ಹತ್ತಿರ. ಮಂಗಳವಾರ, ಶುಕ್ರವಾರ ತಲೆಯ ಮೇಲೆ ದೇವಿಯ ಕೊಡ ಹೊತ್ತು "ಉಧೋ ಉಧೋ" ಎನ್ನುತ್ತ ನಮ್ಮ ಬೀದಿಗೆ ಬರುತ್ತಿದ್ದಳು. ಬೆಳಿಗ್ಗೆ ಅವಳ ಕಾಲು ಮುಟ್ಟಿ ಅಕ್ಕಿ ಹಾಕಿದವರೇ ಸಂಜೆ ಪೇಟೆಯಲ್ಲಿ ಅವಳ ನಡಿಗೆಯನ್ನು ಆಡಿಕೊಳ್ಳುತ್ತಿದ್ದರು. ಊರಿನ ಭಕ್ತಿಯೇ ಹಾಗೆ, ಹೊಸಿಲು ದಾಟುವುದಿಲ್ಲ.

ಅವಳ ಜೊತೆಗಿದ್ದವಳು ಹೂವಮ್ಮ, ಇಪ್ಪತ್ಮೂರು ವರ್ಷ. ತೀರ್ಥಹಳ್ಳಿ ಕಡೆಯ ದೊಡ್ಡ ಜಮೀನಿನ ಮನೆಯಲ್ಲಿ ಹೂವಪ್ಪ ಎಂದು ಹೆಸರಿಟ್ಟಿದ್ದರು. ಏಳನೇ ಕ್ಲಾಸಿನವರೆಗೆ ಓದಿಸಿದ್ದರು. ಸೀರೆ ಉಟ್ಟ ದಿನ ಅಂಗಳದಿಂದಲೇ ಓಡಿಸಿದರು. ದುಗ್ಗಮ್ಮನಲ್ಲಿಗೆ ಬಂದ ಹೊಸದರಲ್ಲಿ ಅವಳು ರೈಲ್ವೆ ಸ್ಟೇಷನ್ನಿನ ಹಿಂದಿನ ಲಾರಿ ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಮನೆಮನೆಗೆ ಹೋಗಿ ಜೋಗ ಬೇಡಿ ತಂದ ಅಕ್ಕಿ ಎರಡು ಹೊಟ್ಟೆಗೆ ಸಾಲುತ್ತಿರಲಿಲ್ಲ. ಅಂಜನಪ್ಪ ಸಿಕ್ಕ ಮೇಲೆ ಅದನ್ನು ಬಿಟ್ಟಳು. ಅಂಜನಪ್ಪ ಬ್ಯಾಡಗಿ ಕಡೆಯ ಲಾರಿ ಡ್ರೈವರ್. ಸಾಗರದಿಂದ ಅಡಿಕೆ ತುಂಬಿಕೊಂಡು ಬೊಂಬಾಯಿಗೆ ಹೋಗುವವನು, ತಿಂಗಳಿಗೆರಡು ಸಲ ಬಂದು ಇವಳ ಮನೆಯಲ್ಲೇ ಉಳಿಯುವವನು. ಎರಡು ವರ್ಷದಿಂದ ಹೂವಮ್ಮ ಅವನನ್ನು "ನಮ್ಮವರು" ಎನ್ನುತ್ತಿದ್ದಳು. ಅವನಿಗೆ ಊರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಆ ಹೆಂಡತಿಯ ಹೆಸರು ಹೂವಮ್ಮನ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ. "ಆ ಊರಿನವಳು" ಎನ್ನುತ್ತಿದ್ದಳು, ಅದೂ ಮುಖ ತಿರುಗಿಸಿಕೊಂಡು.

ಬೊಂಬಾಯಿಯ ದಾರಿಯ ಡ್ರೈವರುಗಳು ಎಲ್ಲೆಲ್ಲಿ ಇಳಿಯುತ್ತಾರೆಂದು ಡಾಕ್ಟರು ಹೇಳಿದ್ದರು. ಆ ಹುಡುಗಿ ಸಾಯಬಾರದು ಎಂದು ನನಗೆ ಅನ್ನಿಸಿತು. ಅಷ್ಟೇ, ಬೇರೆ ದೊಡ್ಡ ಉದ್ದೇಶ ಯಾವುದೂ ಇರಲಿಲ್ಲ. ಶುಕ್ರವಾರ ದುಗ್ಗಮ್ಮನ ಜೊತೆ ಜೋಗಕ್ಕೆ ಬಂದಾಗ ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಮಲ್ಲಿಗೆ ಬಳ್ಳಿಯ ಹೂವನ್ನು ಕೇಳದೆಯೇ ಕಿತ್ತು ಮುಡಿದುಕೊಳ್ಳುತ್ತಿದ್ದಳು, ಆ ಸಲಿಗೆ.

ನಮ್ಮ ಹೆಲ್ತ್ ಇನ್‌ಸ್ಪೆಕ್ಟರ್ ಮಹಾಗಣಪತಿ ಅವರಿಗೆ ವಿಷಯ ಹೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿದರು.

"ಜೋಗಮ್ಮಗಳಿಗೆ ನಿರೋಧ್ ಹಂಚೋದಾ? ಯಾವ ರಿಜಿಸ್ಟರಿಗೆ ಬರೀತೀರಿ, ಯಶೋಧಮ್ಮ? ಅದು ಇರೋದು ಗಂಡ-ಹೆಂಡ್ತಿಯರಿಗೆ. ಸುಮ್ನೆ ಕೆಲಸ ಕಳ್ಕೋಬೇಡಿ."

ಅವರು ಹೇಳಿದ್ದು ಸುಳ್ಳಲ್ಲ. ಆಗ ನಿರೋಧ್ ಅಂದರೆ ಕುಟುಂಬ ಯೋಜನೆಯ ಸಾಮಾನು. ಕೆಂಪು ತ್ರಿಕೋನ, ಎರಡು ಮಕ್ಕಳು, ಸಾಕು. 'ಅರ್ಹ ದಂಪತಿಗಳ ರಿಜಿಸ್ಟರ್' ಎಂಬ ಉದ್ದನೆಯ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಕೊಡಬೇಕು. ನಾನು ಹಳೆಯ ಶಿಬಿರವೊಂದರಲ್ಲಿ ಉಳಿದಿದ್ದ ಒಂದಿಷ್ಟು ಪೊಟ್ಟಣಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ದುಗ್ಗಮ್ಮನ ಮನೆಗೆ ಹೊರಟೆ.

ಹೋಗಿ ಏನು ಹೇಳಿದೆ ಎಂದು ನೆನಪಿಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಬಾಗಿಲಲ್ಲಿ ಕೂತು ಅವರಿಬ್ಬರ ಮುಖ ನೋಡಿದ ಕೂಡಲೇ ನಾಲಿಗೆ ಕಟ್ಟಿತು. ನಾನು ಹುಂಚದ ಜೈನರ ಮನೆಯವಳು, ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಹೆಂಗಸರಿಗೆ ಹೆರಿಗೆ, ಬಸಿರು, ಆಪರೇಷನ್ ಎಂದೆಲ್ಲ ಹೇಳಬಲ್ಲೆ. ಗಂಡಸು ಇವರ ಹತ್ತಿರ ಮಲಗುವ ಮಾತನ್ನು ಯಾವ ಪದದಲ್ಲಿ ಹೇಳಬೇಕೋ ಗೊತ್ತಾಗಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆ.

"ಒಂದು ಕೆಟ್ಟ ಕಾಯಿಲೆ ಬಂದಿದೆ ದುಗ್ಗಮ್ಮ. ಮಂಗನಿಂದ ಬಂದದ್ದು. ರಕ್ತಕ್ಕೆ ಸೇರುತ್ತೆ. ಔಷಧಿ ಇಲ್ಲ. ಇದನ್ನ ಇಟ್ಕೊಳ್ಳಿ, ಉಪಯೋಗಿಸಿ. ಜಾಗ್ರತೆ."

ದುಗ್ಗಮ್ಮ ತಲೆ ಆಡಿಸಿದಳು. "ಮಂಗನಿಂದ ಬರೋದು, ರಕ್ತಕ್ಕೆ ಸೇರೋದು, ಔಷಧಿ ಇಲ್ದಿದ್ದು. ಸಾಗರದಾಗೆ ಇದ್ದು ಇಷ್ಟು ಗೊತ್ತಿಲ್ವಾ ತಾಯಿ? ನಮ್ಮ ಕೇರಿಯಾಗೇ ಇಬ್ರು ಹೋದ್ರು."

ಇಬ್ಬರು ಹೋದರು ಎಂದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೇಳಬೇಕಾದ್ದನ್ನು ಹೇಳದೆಯೇ ಅವರಿಗೆ ತಿಳಿಯಿತಲ್ಲ ಎಂದು ದೊಡ್ಡ ಹೊರೆ ಇಳಿದ ಹಾಗಾಗಿ ಮನೆಗೆ ಬಂದು ಊಟ ಮಾಡಿದೆ.

ಮತ್ತೆ ಅವರ ಮನೆಗೆ ಹೋದದ್ದು ಜನವರಿಯಲ್ಲಿ. ನಮ್ಮ ಕಡೆ ಅದು ಮಂಗನ ಕಾಯಿಲೆಯ ಕಾಲ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತವೆ, ಅವುಗಳ ಮೈಮೇಲಿನ ರಕ್ತ ಹೀರುವ ಉಣುಗು ಸೌದೆಗೆ ಹೋದವರನ್ನು ಕಚ್ಚುತ್ತದೆ, ಜ್ವರ ಬರುತ್ತದೆ, ಕೆಲವರು ಉಳಿಯುವುದಿಲ್ಲ. ಮಳೆ ಬಿದ್ದ ಮೇಲೆ ಅದು ಹೋಗುತ್ತದೆ. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಒಂದು ಎಣ್ಣೆಯನ್ನು ನಾವು ಪ್ರತಿ ವರ್ಷ ಮನೆಮನೆಗೆ ಹಂಚುತ್ತಿದ್ದೆವು. ಒಂದು ಚೀಲದಲ್ಲಿ ಎಣ್ಣೆಯ ಶೀಸೆ, ಇನ್ನೊಂದರಲ್ಲಿ ರಿಜಿಸ್ಟರು ಹಿಡಿದು ದುಗ್ಗಮ್ಮನ ಅಂಗಳಕ್ಕೆ ಕಾಲಿಟ್ಟೆ.

ಹೂವಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಯಾರೋ ದೇವಿಗೆ ಬಿಟ್ಟ ಒಂದು ಬಿಳಿ ಮೇಕೆ. ಇಕ್ಕೇರಿ ರಸ್ತೆಯ ಕಾಡಂಚಿಗೆ ಹೋಗಿ ಮೇದು ಬರುವ ಮೇಕೆ, ಮೈತುಂಬ ಉಣುಗು. ಹೂವಮ್ಮ ಅದರ ಕಿವಿ ಮಡಚಿ ಒಂದೊಂದೇ ಕಿತ್ತು ಕೆಂಡದ ಮಡಕೆಗೆ ಹಾಕುತ್ತಿದ್ದಳು. ಅವಳ ಎರಡೂ ಕೈಯ ಹೆಬ್ಬೆರಳಿಗೆ, ತೋರುಬೆರಳಿಗೆ ಒಂದೊಂದು ನಿರೋಧ್ ಇತ್ತು.

ನಾನು ಶೀಸೆಯನ್ನು ಕೆಳಗಿಟ್ಟೆ.

"ನೀವು ಕೊಟ್ಟಿದ್ದು ಒಳ್ಳೇದಾಯ್ತು ಸಿಸ್ಟರಮ್ಮ" ಎಂದಳು ಹೂವಮ್ಮ, ನಾಲ್ಕು ಬೆರಳು ಎತ್ತಿ ತೋರಿಸಿ. "ಉಣುಗಿನ ರಕ್ತ ಬೆರಳಿಗೆ ತಾಗೋದೇ ಇಲ್ಲ. ಕಾಡಿಗೆ ಹೋಗೋದನ್ನೂ ಬಿಟ್ವಿ. ಸೌದೆ ಡಿಪೋದಿಂದ್ಲೇ ತರ್ತೀವಿ."

ಒಳಗಿನಿಂದ ದುಗ್ಗಮ್ಮ ದೂರು ಹೇಳಿದಳು. "ಆದ್ರೆ ಮಾಲು ಕಳಪೆ ಐತೆ ತಾಯಿ. ನೀನು ಹೋದ ವರ್ಷ ಕೊಟ್ಟ ಎಣ್ಣೆ ಕೈಯಾಗೆ ಹಾಕ್ಕಂಡ್ರೆ ಪಟ್ಟಂತ ಹರೀತೈತೆ."

ನಾನು ನಕ್ಕೆ. ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರೂ ನಕ್ಕರು, ಯಾಕೆಂದು ತಿಳಿಯದೆಯೇ. ಆಮೇಲೆ ಹೂವಮ್ಮ, "ನಮ್ಮವ್ರು ಬಂದಾಗ ಅವ್ರ ಕಾಲಿಗೂ ನಾನೇ ಎಣ್ಣೆ ತಿಕ್ತೀನಿ. ಬೊಂಬಾಯಲ್ಲಿ ಕಾಡಿಲ್ಲ, ಅಲ್ಲಿ ಅವ್ರಿಗೆ ಭಯ ಇಲ್ಲ" ಎಂದಳು. ನನ್ನ ನಗು ಅಲ್ಲೇ ನಿಂತಿತು. ಮೂರು ತಿಂಗಳು. ಅಂಜನಪ್ಪ ಆರು ಸಲವಾದರೂ ಬಂದುಹೋಗಿದ್ದಾನೆ. ನಾನು ನಾಚಿಕೊಂಡದ್ದಕ್ಕೆ ಈ ಹುಡುಗಿ ಆರು ಸಲ ಅವನ ಕಾಲಿಗೆ ಎಣ್ಣೆ ತಿಕ್ಕಿ ತಾನು ಕ್ಷೇಮ ಎಂದುಕೊಂಡಿದ್ದಾಳೆ.

ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎನ್ನುತ್ತಾರೆ. ದೊಡ್ಡವಳಾಗುವುದು ಬೇಡ, ನಾಚಿಕೆಯನ್ನಾದರೂ ಬಿಡೋಣ ಎಂದುಕೊಂಡು ಇಬ್ಬರನ್ನೂ ಒಳಗೆ ಕೂರಿಸಿದೆ. ಎಲ್ಲವನ್ನೂ ಹೇಳಿದೆ. ಇದು ಉಣುಗಿನದ್ದಲ್ಲ, ನಮ್ಮ ಕಾಡಿನ ಮಂಗನದ್ದೂ ಅಲ್ಲ. ಮಳೆ ಬಂದರೆ ಹೋಗುವುದಿಲ್ಲ. ಜ್ವರ ಬಂದು ತಿಳಿಸುವುದಿಲ್ಲ. ಗಟ್ಟಿಮುಟ್ಟಾಗಿ ಕಾಣುವ ಗಂಡಸಿನಲ್ಲೂ ಇರಬಹುದು. ಅವನು ಹತ್ತಿರ ಬಂದಾಗ, ಮೈಯೊಳಗೆ ಬಂದಾಗ ಬರುತ್ತದೆ. ನಿರೋಧ್ ಹಾಕಬೇಕಾದ್ದು ಬೆರಳಿಗಲ್ಲ. ಎಲ್ಲಿಗೆ ಎಂದೂ ಹೇಳಿದೆ. ಎಣ್ಣೆ ತಾಗಿದರೆ ಹರಿಯುತ್ತದೆ ಎಂಬುದನ್ನು ದುಗ್ಗಮ್ಮನೇ ಕಂಡುಹಿಡಿದಿದ್ದಳು, ಆದ್ದರಿಂದ ಕೊಬ್ಬರಿ ಎಣ್ಣೆಯನ್ನೂ ಮುಟ್ಟಿಸಬಾರದೆಂದು ಹೇಳುವುದು ಸುಲಭವಾಯಿತು.

ದುಗ್ಗಮ್ಮ ಬಾಯಿಯ ಎಲೆಅಡಿಕೆಯನ್ನು ಹೊರಗೆ ಉಗಿದು ಬಂದಳು. "ಇದನ್ನ ಅವತ್ತೇ ಹೇಳೋಕೆ ನಿನಗೆ ಏನಾಗಿತ್ತು?"

"ನಾಚಿಕೆಯಾಯ್ತು."

"ನಮ್ಮ ಮುಂದೆ ನಾಚಿಕೆ!" ದುಗ್ಗಮ್ಮ ಹಣೆ ಚಚ್ಚಿಕೊಂಡಳು. "ನಮಗೆ ನಾಚಿಕೆ ಇಲ್ಲ ಅಂತ ಊರೆಲ್ಲ ಬೈತೈತೆ. ನಾಚ್ಕೊಂಡು ನಮ್ಮನ್ನ ಕೊಲ್ಲೋಳು ನೀನೊಬ್ಳು ಸಿಕ್ಕಿದ್ದೆ."

ಬೈಗುಳ ಬೇಕಾಗಿತ್ತು, ತಿಂದೆ. ಹೂವಮ್ಮ ಬೆರಳಿನ ನಿರೋಧುಗಳನ್ನು ಒಂದೊಂದಾಗಿ ಎಳೆದು ತೆಗೆದು ಒಲೆಯ ಕೆಂಡಕ್ಕೆ ಹಾಕಿದಳು.

"ಎಂತಕ್ಕೆ ನನಗೆ ಇದು?" ಎಂದಳು ಕೊನೆಗೆ. "ಮಕ್ಕಳು ಬೇಡ ಅನ್ನೋರಿಗಲ್ವಾ ಇದು? ನನಗೆ ಬೇಕಂದ್ರೂ ಆಗೋದಿಲ್ಲ. ಮತ್ತೆ ನಾನೇನು ಈಗ ಸ್ಟ್ಯಾಂಡಿನವಳಲ್ಲ. ನಮ್ಮವ್ರು ನನ್ನ ಹೆಂಡ್ತಿ ಅಂತಾರೆ. ಇದನ್ನ ಹಿಡ್ಕೊಂಡು ಮುಂದೆ ನಿಂತ್ರೆ, ಓಹೋ ನೀನು ಮತ್ತೆ ಸ್ಟ್ಯಾಂಡಿಗೆ ಹೋದ್ಯಾ ಅಂತಾರೆ. ಎದ್ದು ಹೋದ್ರೆ? ನೀವು ತಂದು ಕೊಡ್ತೀರಾ ಸಿಸ್ಟರಮ್ಮ, ನನಗೆ ಇನ್ನೊಬ್ರನ್ನ?"

ದುಗ್ಗಮ್ಮ ಗದರಿದಳು. "ಜೀವ ಇದ್ರೆ ಅಲ್ವೇನೇ ಗಂಡ?"

"ಗಂಡ ಇದ್ರೆ ಅಲ್ವಾ ಅವ್ವ ಜೀವ" ಎಂದಳು ಹೂವಮ್ಮ, ಮೆತ್ತಗೆ.

ನನಗೆ ಸಿಟ್ಟು ಬಂದಿತ್ತು. ಅವಳ ಮೇಲಲ್ಲ, ಎಲ್ಲದರ ಮೇಲೂ. ತಂದ ಪೊಟ್ಟಣಗಳು ಮುಗಿದಿದ್ದವು. ಅವಳು ಒಪ್ಪಿದರೂ ನಾನು ಮುಂದೆ ಎಲ್ಲಿಂದ ತರಲಿ? ರಿಜಿಸ್ಟರನ್ನು ನೆಲದ ಮೇಲೆ ಕುಕ್ಕಿದೆ.

"ನೀನು ಬೇಕು ಅಂದ್ರೂ ಸಿಗೋದಿಲ್ಲ ಮಾರಾಯ್ತಿ. ಸ್ಟ್ಯಾಂಡಿನವರಿಗೆ ಸರ್ಕಾರ ಇದನ್ನ ಒಂದೂ ಕೊಡೋದಿಲ್ಲ. ನೋಡು ಇಲ್ಲಿ, ಗಂಡ-ಹೆಂಡ್ತಿಗೆ ಮಾತ್ರ. ಹೆಸರು ಬರೆದ ಗಂಡ-ಹೆಂಡ್ತಿಗೆ ಮಾತ್ರ!"

ಹೂವಮ್ಮ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಪುಟದ ಮೇಲೆ ಬೆರಳಿಟ್ಟು ಓದಿದಳು. ಗಂಡನ ಹೆಸರು. ಹೆಂಡತಿಯ ಹೆಸರು. ಧರ್ಮಪ್ಪ, ಶಾಂತಮ್ಮ. ಸುಬ್ಬರಾಯ, ಜಾನಕಮ್ಮ. ನಾಗರಾಜಪ್ಪ, ಲಲಿತಮ್ಮ. ಎಲ್ಲ ನಮ್ಮ ಆಸುಪಾಸಿನ ಬೀದಿಯವರು, ಅವಳು ಜೋಗಕ್ಕೆ ಹೋಗುವ ಮನೆಯವರು. ಪೂರಾ ಪುಟ ಓದಿದಳು. ನಲವತ್ತಾರನೆಯ ಸಾಲಿನ ಕೆಳಗೆ ಖಾಲಿ ಇತ್ತು.

"ಇದು ಸರ್ಕಾರದ ಪುಸ್ತಕವಾ?"

"ಹೌದು."

"ಇದರಲ್ಲಿ ಇದ್ದೋರೆಲ್ಲ ಗಂಡ-ಹೆಂಡ್ತಿನಾ?"

"ಹೌದು ಕಣೆ."

"ಹಂಗಾದ್ರೆ ನಮ್ಮ ಹೆಸರು ಬರೀರಿ."

ದುಗ್ಗಮ್ಮ ನನ್ನ ಮುಖ ನೋಡಿದಳು. ನಾನು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದವಳು ಎಂದು ಮನೆಗೆ ಕಳಿಸಬಹುದು. ಪಿಂಚಣಿಯೂ ಇಲ್ಲ. ಆದರೆ ಇದು ಸುಳ್ಳಾ? ಸುಬ್ಬರಾಯ ಹೆಂಡತಿಗೆ ಹೊಡೆಯುವುದನ್ನು ನಾನೇ ಎಷ್ಟು ಸಲ ಬಿಡಿಸಿದ್ದೇನೆ, ಅವನ ಹೆಸರು ದಂಪತಿಗಳಲ್ಲಿದೆ. ಕಾಲಿಗೆ ಎಣ್ಣೆ ತಿಕ್ಕುವ ಇವಳದ್ದು ಯಾಕಿರಬಾರದು? ಮುಚ್ಚಳ ಮತ್ತೆ ತೆಗೆದೆ. ನಲವತ್ತೇಳು. ಗಂಡ, ಅಂಜನಪ್ಪ. ಹೆಂಡತಿ, ಹೂವಮ್ಮ. ವಯಸ್ಸು ಮೂವತ್ತೆಂಟು, ಇಪ್ಪತ್ಮೂರು. ಮಕ್ಕಳು ಎಂಬ ಕಡೆ ಒಂದು ಗೆರೆ ಎಳೆದೆ, ವಿಧಾನ ಎಂಬ ಕಡೆ ನಿರೋಧ್ ಎಂದು ಬರೆದೆ.

ಹೂವಮ್ಮ ಬಹಳ ಹೊತ್ತು ಆ ಸಾಲನ್ನು ನೋಡಿದಳು. ಶಾಯಿ ಇನ್ನೂ ಹಸಿಯಾಗಿತ್ತು, ಮುಟ್ಟಲಿಲ್ಲ. ಅವಳ ಹೆಸರನ್ನು ಯಾರಾದರೂ ಹೀಗೆ ಬರೆದದ್ದು ಅದೇ ಮೊದಲು ಎಂದು ಆಮೇಲೆ ದುಗ್ಗಮ್ಮ ಹೇಳಿದಳು.

"ಈಗ ಹೇಳ್ತೀನಿ ಅವ್ರಿಗೆ" ಎಂದಳು. "ನಿರೋಧ್ ಹಾಕದಿದ್ರೆ ಪುಸ್ತಕದಿಂದ ಹೆಸರು ಹೊಡೆದು ಹಾಕ್ತಾರೆ ಅಂತೀನಿ."

ಅವಳು ಹೇಳಿದಳೋ ಇಲ್ಲವೋ, ಅವನು ಒಪ್ಪಿದನೋ ಎದ್ದುಹೋದನೋ, ನನಗೆ ತಿಳಿಯಲಿಲ್ಲ. ಎರಡು ಮಂಗಳವಾರ ದುಗ್ಗಮ್ಮ ಒಬ್ಬಳೇ ಜೋಗಕ್ಕೆ ಬಂದಳು. "ಅವಳ ಮೈ ಸರಿಯಿಲ್ಲ" ಎಂದಷ್ಟೇ ಹೇಳಿದಳು. ಕೇಳಲು ನನಗೆ ಧೈರ್ಯವಾಗಲಿಲ್ಲ. ಇವಳಿಗಿದ್ದ ಗಂಡನನ್ನೂ ಕಳೆದೆನೇ ನಾನು ಎಂದು ಅಡುಗೆ ಮನೆಯಲ್ಲಿ ಒಬ್ಬಳೇ ಗೊಣಗಿಕೊಂಡೆ.

ಆ ನಡುವೆ ಮಹಾಗಣಪತಿ ಅವರು ತಿಂಗಳ ತಪಾಸಣೆಗೆ ಬಂದರು. ಪುಟ ತಿರುವುತ್ತ ತಿರುವುತ್ತ ನಲವತ್ತೇಳರಲ್ಲಿ ನಿಂತರು.

"ಮಕ್ಕಳಿಲ್ಲ, ಆಗಲೇ ನಿರೋಧ್ ತಗೋತಿದಾರಾ? ಮದುವೆಯಾಗಿ ಎಷ್ಟು ವರ್ಷ?"

"ಎರಡು, ಸರ್."

"ಮೊದಲನೇ ಮಗು ಮುಂದಕ್ಕೆ ಹಾಕೋದು ಅಂದ್ರೆ ಇದು. ಜನ ತಿಳುವಳಿಕೆಗೆ ಬರ್ತಿದಾರೆ ನೋಡಿ" ಎಂದು ಸಂತೋಷದಿಂದ ಸಹಿ ಹಾಕಿದರು. ಹೂವಮ್ಮ ಎಂದರೆ ಯಾರೆಂದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಾಗೆ ಹೇಳಿದರೋ ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಶಾಯಿ ಚೆನ್ನಾಗಿ ಆರಲಿ ಯಶೋಧಮ್ಮ, ಅಳಿಸಿ ಹೋಗದ ಹಾಗೆ" ಎಂದರು.

ಮೂರನೆಯ ಮಂಗಳವಾರ ಚುಚ್ಚುಮದ್ದಿನ ದಿನ. ಕೂಸುಗಳನ್ನೆತ್ತಿಕೊಂಡ ಹೆಂಗಸರು ಜಗುಲಿಯ ತುಂಬ ಇದ್ದರು. ಖಾಕಿ ಅಂಗಿಯ ಎತ್ತರದ ಗಂಡಸೊಬ್ಬ ಬಾಗಿಲಿಗೆ ಬಂದು ನಿಂತ. ಹೆಂಗಸರು ಸೆರಗು ಸರಿಮಾಡಿಕೊಂಡರು.

"ಯಶೋಧಾ ಸಿಸ್ಟರ್ ಅಂದ್ರ ನೀವೇನ್ರಿ?"

ನಾನು ಎಂದೂ ಅವನನ್ನು ಹತ್ತಿರದಿಂದ ನೋಡಿರಲಿಲ್ಲ, ಆದರೂ ಗುರುತು ಸಿಕ್ಕಿತು. ಒಳಗಿನ ಕೋಣೆಗೆ ಕರೆದೆ. ಅವನು ಕೂರಲಿಲ್ಲ.

"ನಂದು ಹೆಸರು ಯಾವ್ದೋ ಬುಕ್ಕಿನಾಗ ಬರ್ದೀರಂತ. ತೋರಸ್ರಿ."

ತೋರಿಸಿದೆ. ಅವನು ತೋರುಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದ. ಗ್ರೀಸ್ ಹಿಡಿದ ಉಗುರು ಅವಳ ಹೆಸರಿನವರೆಗೂ ಹೋಗಿ ನಿಂತಿತು.

"ಇದು ತಪ್ಪೈತ್ರಿ."

ಮುಗಿಯಿತು ಎಂದುಕೊಂಡೆ. ಪುಸ್ತಕವನ್ನು ಹರಿದರೆ ತಡೆಯಲು ಒಂದು ಕೈ ಮುಂದೆ ಇಟ್ಟೆ.

"ಬಿ. ಅಂಜನಪ್ಪ ಅಂತ ಬರೀರಿ" ಎಂದ. "ಬರೇ ಅಂಜನಪ್ಪ ಅಂದ್ರ ಸ್ಟ್ಯಾಂಡಿನಾಗ ಮೂರು ಮಂದಿ ಅದಾರ. ನಾಳೆ ಯಾವನೋ ಬಂದು ತಾನ ಅಂದಾನು."

ತಿಂಗಳಿನ ಪೊಟ್ಟಣಗಳನ್ನು ತೆಗೆದು ಅವನ ಮುಂದಿಟ್ಟೆ. ಅವನು ಅವನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡ, ಹೋಗಲಿಲ್ಲ. ಬಾಗಿಲ ಕಡೆ ನೋಡಿ ದನಿ ಇಳಿಸಿದ.

"ಇನ್ನೊಂದಿಷ್ಟು ಕೊಡ್ರಿ. ಎರಡು ಮನಿಗೆ ಬೇಕ್ರಿ."

ನನ್ನ ಹಳೆಯ ಸಿಟ್ಟು ಎದ್ದುಬಂತು. "ಇದು ಹೂವಮ್ಮನಿಗೆ ಗೊತ್ತಿದೆಯಾ? ಗೊತ್ತಾದ್ರೆ ಅವಳು ಏನಂತಾಳೆ?"

"ಆಕೀನ ಹೇಳಿ ಕಳಿಸ್ಯಾಳ್ರಿ. ಎರಡು ವಾರ ನನ್ನ ಕೂಡ ಮಾತು ಬಿಟ್ಟಿದ್ಲು. ನನಗಷ್ಟ ತಂದ್ರ ಸಾಲಂಗಿಲ್ಲ, ಅಕ್ಕಗೂ ತಗೊಂಡು ಹೋಗು, ಇಲ್ಲಂದ್ರ ಈ ಬಾಗ್ಲಿಗೆ ಬರಬ್ಯಾಡ ಅಂದ್ಲು."

"ಯಾವ ಅಕ್ಕ?" ಎಂದೆ. ನಿಜಕ್ಕೂ ನನಗೆ ತಿಳಿಯಲಿಲ್ಲ.

ಅವನು ತಲೆ ತಗ್ಗಿಸಿದ. "ನಮ್ಮ ಊರಾಗಿನ ಹೇಣ್ತಿರಿ."

ಹೊರಗೆ ಒಂದು ಕೂಸು ಅಳುತ್ತಿತ್ತು. ನಾನು ಕಪಾಟಿನಿಂದ ಇನ್ನೊಂದು ಸಾರಿ ಅಷ್ಟೇ ಪೊಟ್ಟಣ ತೆಗೆದು ಕೊಟ್ಟೆ, ಎಣ್ಣೆ ಮುಟ್ಟಿಸಬಾರದು ಎಂದೆ. "ಗೊತ್ತೈತ್ರಿ, ಅದನ್ನೂ ಹೇಳ್ಯಾಳ" ಎಂದು ಅವನು ಮೆಟ್ಟಿಲಿಳಿದ. ನಾನು ರಿಜಿಸ್ಟರನ್ನು ಬಿಡಿಸಿ, ನಲವತ್ತೇಳನೆಯ ಸಾಲಿನಲ್ಲಿ ಅಂಜನಪ್ಪ ಎಂಬುದರ ಹಿಂದೆ ಇದ್ದ ಸಣ್ಣ ಜಾಗದಲ್ಲಿ 'ಬಿ.' ಎಂದು ಸೇರಿಸಿದೆ.